ಆಲ್ಡೋಸ್ಟಿರಾನ್ ರೇಂಜ್ ಒಳಗೇ ಇದೆ, ಆದ್ರೂ ಡಾಕ್ಟರ್ ಯಾಕೆ ಸಿಟಿ ಸ್ಕ್ಯಾನ್ ಅಂತಿದಾರೆ?

ಪ್ರಶ್ನೆ: ನಂಗೆ 44 ವರ್ಷ. ಆರು ವರ್ಷದಿಂದ ಬಿಪಿ ಇದೆ. ಈಗ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗೋ ಮಾತ್ರೆ ಅಂತ ಮೂರು ತಗೋತಿದೀನಿ, ಆದ್ರೂ 150/95ರ ಕೆಳಗೆ ಇಳೀತಾನೇ ಇಲ್ಲ. ಹೊಸ ಡಾಕ್ಟರ್ ಆಲ್ಡೋಸ್ಟಿರಾನ್, ರೆನಿನ್ ಅಂತ ಎರಡು ಟೆಸ್ಟ್ ಬರೆದ್ರು. ಆಲ್ಡೋಸ್ಟಿರಾನ್ 18 ಬಂದಿದೆ, ಪಕ್ಕದಲ್ಲೇ ನಾರ್ಮಲ್ 4ರಿಂದ 31 ಅಂತ ಪ್ರಿಂಟ್ ಆಗಿದೆ. ರೆನಿನ್ 0.3. ಪೊಟ್ಯಾಸಿಯಂ 3.6, ಅದೂ ನಾರ್ಮಲ್. ಆದ್ರೆ ಡಾಕ್ಟರ್ ರಿಪೋರ್ಟ್ ನೋಡಿದ ತಕ್ಷಣ ಇದು ಆಲ್ಡೋಸ್ಟಿರಾನ್ ಜಾಸ್ತಿ ಇರೋ ಕೇಸ್ ಅನ್ಸತ್ತೆ ಅಂದ್ರು, ಸಿಟಿ ಮಾಡಿಸಿ ಅಂದ್ರು, ಆಪರೇಷನ್ ಮಾತೂ ಬಂತು. ನಾರ್ಮಲ್ ಅಂತ ಬಂದಿರೋದು ಜಾಸ್ತಿ ಹೇಗಾಗತ್ತೆ? ಈ ಹಾರ್ಮೋನ್ ಮಾಡೋದಾದ್ರೂ ಏನು? ಊಟದಲ್ಲಿ ಏನಾದ್ರೂ ಬದಲಾಯಿಸಿ ಇಳಿಸ್ಕೋಬಹುದಾ?

ಉತ್ತರ: ನಿಮ್ಮ ಡಾಕ್ಟರ್ ಸರಿಯಾಗೇ ಓದಿದಾರೆ. ಲ್ಯಾಬ್‌ನೋರು ಪಕ್ಕದಲ್ಲಿ ಪ್ರಿಂಟ್ ಮಾಡೋ ಆ 4ರಿಂದ 31 ಅನ್ನೋ ರೇಂಜ್ ಇದ್ಯಲ್ಲ, ಅದು ಈ ಹಾರ್ಮೋನ್ ವಿಷಯದಲ್ಲಿ ಜನರ ದಾರಿ ತಪ್ಪಿಸಿದಷ್ಟು ಬೇರೆ ಯಾವುದೂ ತಪ್ಪಿಸಿಲ್ಲ ಅಂತ ನನ್ನ ಅನುಭವ. ಆಲ್ಡೋಸ್ಟಿರಾನ್‌ನ ಒಂಟಿಯಾಗಿ ಓದೋ ಹಾಗೇ ಇಲ್ಲ, ಪಕ್ಕದಲ್ಲಿ ರೆನಿನ್ ಇಟ್ಕೊಂಡೇ ಓದಬೇಕು. ನಿಮ್ಮ 18ನ್ನ 0.3ರಿಂದ ಭಾಗಿಸಿ, 60 ಬರತ್ತೆ. ಸಾಮಾನ್ಯವಾಗಿ 20 ಇಲ್ಲಾ 30 ದಾಟಿದ್ರೇ ನಾವು ನೆಟ್ಟಗೆ ಕೂತ್ಕೊಂಡು ನೋಡ್ತೀವಿ. ಯಾಕೆ ಹೀಗೆ ಅಂತ ಹೇಳ್ಬೇಕಂದ್ರೆ ಮೊದಲು ಈ ಹಾರ್ಮೋನ್ ಯಾರ ಮಾತು ಕೇಳಿ ಕೆಲಸ ಮಾಡತ್ತೆ ಅನ್ನೋದು ಗೊತ್ತಾಗಬೇಕು, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ.

ಎರಡೂ ಕಿಡ್ನಿಯ ತಲೆ ಮೇಲೆ ಟೋಪಿ ಹಾಕಿದ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರತ್ತೆ, ತೂಕ ಒಂದೊಂದೂ ನಾಲ್ಕೈದು ಗ್ರಾಂ ಅಷ್ಟೇ. ಅದರ ಹೊರಗಡೆ ಸಿಪ್ಪೆ ಥರ ಇರೋ ತೆಳ್ಳನೆ ಪದರ ಇದ್ಯಲ್ಲ, ಅಲ್ಲಿ ಮಾತ್ರ ಆಲ್ಡೋಸ್ಟಿರಾನ್ ತಯಾರಾಗೋದು. ದಿನಕ್ಕೆ ಎಷ್ಟು ಅಂದ್ರೆ ಹೆಚ್ಚು ಕಡಿಮೆ 0.1 ಮಿಲಿಗ್ರಾಂ. ನಿಮ್ಮ ರಿಪೋರ್ಟ್‌ನ 18 ಅಂದ್ರೆ 100 ಮಿಲಿಲೀಟರ್‌ಗೆ 18 ನ್ಯಾನೋಗ್ರಾಂ, ಮೈಯಲ್ಲಿರೋ ರಕ್ತ ಪೂರ್ತಿ ಲೆಕ್ಕ ಹಾಕಿದ್ರೂ ಒಂದು ಮೈಕ್ರೋಗ್ರಾಂ ಆಗಲ್ಲ. ಇಷ್ಟು ಕಮ್ಮಿ ಇರೋದ್ರಿಂದಲೇ ಇದು ಸಿಕ್ಕಿದ್ದೂ ತಡವಾಗಿ. 1953ರಲ್ಲಿ ಲಂಡನ್‌ನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್, ಸ್ವಿಟ್ಜರ್ಲೆಂಡ್‌ನ ರೈಖ್‌ಸ್ಟೈನ್ ತಂಡದ ಜೊತೆ ಸೇರ್ಕೊಂಡು ನೂರಾರು ಕಿಲೋ ದನದ ಅಡ್ರಿನಲ್ ಗ್ರಂಥಿ ಅರೆದು ಸೋಸಿ ಕೊನೆಗೆ ಚಿಟಿಕೆಗೂ ಕಮ್ಮಿ ಹರಳು ತೆಗೆದ್ರು. ಮೊದಲು ಇಟ್ಟ ಹೆಸರು ಎಲೆಕ್ಟ್ರೋಕಾರ್ಟಿನ್, ಆಮೇಲೆ ಅದರ ರಚನೆಯಲ್ಲಿ ಆಲ್ಡಿಹೈಡ್ ಗುಂಪು ಇದೆ ಅಂತ ಗೊತ್ತಾಗಿ ಆಲ್ಡೋಸ್ಟಿರಾನ್ ಆಯ್ತು.

ಇಷ್ಟೇ ಇಷ್ಟು ಹಾರ್ಮೋನ್ ಮಾಡೋ ಕೆಲಸ ನೋಡಿ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನ ರಕ್ತದಿಂದ ಸೋಸತ್ತೆ. ಅದರಲ್ಲಿ ಕರಗಿರೋ ಸೋಡಿಯಂನ ಉಪ್ಪಿನ ಲೆಕ್ಕದಲ್ಲಿ ಹೇಳಿದ್ರೆ ಹತ್ತಿರ ಹತ್ತಿರ ಒಂದೂವರೆ ಕಿಲೋ. ದಿನಾ ಒಂದೂವರೆ ಕಿಲೋ ಉಪ್ಪು ಆಚೆ ಹೋದ್ರೆ ಮಧ್ಯಾಹ್ನದೊಳಗೆ ಮನುಷ್ಯ ಇರಲ್ಲ, ಅದಕ್ಕೆ ಕಿಡ್ನಿ ಅದನ್ನ ದಾರಿಯುದ್ದಕ್ಕೂ ವಾಪಸ್ ಎಳ್ಕೋತಾ ಬರತ್ತೆ, 99 ಪರ್ಸೆಂಟ್‌ಗೂ ಮೇಲೆ ವಾಪಸ್. ಹೆಚ್ಚಿನ ಭಾಗ ಮೊದಲ ಹಂತಗಳಲ್ಲೇ ಆಗಿಹೋಗತ್ತೆ, ಅಲ್ಲಿ ಆಲ್ಡೋಸ್ಟಿರಾನ್‌ಗೆ ಅಷ್ಟು ಪಾತ್ರ ಇಲ್ಲ. ಕಿಡ್ನಿಯೊಳಗೆ ಮೂತ್ರ ಹರಿಯೋ ಸಣ್ಣ ನಳಿಕೆಯ ಕಟ್ಟಕಡೆಯಲ್ಲಿ, ಇನ್ನೇನು ಮೂತ್ರ ಆಗೇಬಿಡ್ತು ಅನ್ನೋ ಜಾಗದಲ್ಲಿ ಉಳ್ಕೊಂಡಿರೋ ಎರಡು ಮೂರು ಪರ್ಸೆಂಟ್ ಇದ್ಯಲ್ಲ, ಅದನ್ನ ಇಟ್ಕೊಳ್ಳೋದಾ ಬಿಡೋದಾ ಅಂತ ತೀರ್ಮಾನ ಮಾಡೋದು ಈ ಹಾರ್ಮೋನ್. ಎರಡು ಮೂರು ಪರ್ಸೆಂಟ್ ತಾನೇ ಅನ್ಬೇಡಿ, ಒಂದೂವರೆ ಕಿಲೋದಲ್ಲಿ ಅದು 30ರಿಂದ 45 ಗ್ರಾಂ ಉಪ್ಪು. ನೀವು ಎಷ್ಟೇ ಉಪ್ಪುಪ್ಪಾಗಿ ತಿಂದ್ರೂ ದಿನಕ್ಕೆ ಅಷ್ಟು ತಿನ್ನಲ್ಲ.

ಆ ಕಡೇ ಜಾಗದ ಒಂದು ಜೀವಕೋಶದ ಒಳಗೆ ಸ್ವಲ್ಪ ಇಣುಕಿ ನೋಡೋಣ. ಕೋಶದ ಒಂದು ಮಗ್ಗುಲು ಮೂತ್ರದ ಕಡೆಗೆ, ಇನ್ನೊಂದು ಮಗ್ಗುಲು ರಕ್ತದ ಕಡೆಗೆ. ಆಲ್ಡೋಸ್ಟಿರಾನ್ ಕೊಬ್ಬಿನಂಥ ಸ್ವಭಾವದ್ದು, ಸ್ಟಿರಾಯ್ಡ್ ಅಲ್ವಾ, ಬಾಗಿಲು ತಟ್ಟದೇ ಸೀದಾ ಒಳಗೆ ನುಗ್ಗತ್ತೆ, ಒಳಗಿರೋ ತನ್ನ ರಿಸೆಪ್ಟರ್‌ಗೆ, ಅಂದ್ರೆ ಅದಕ್ಕಂತಲೇ ಇರೋ ಪ್ರೋಟೀನ್‌ಗೆ, ಅಂಟ್ಕೊಳತ್ತೆ, ಇಬ್ಬರೂ ಸೇರಿ ನ್ಯೂಕ್ಲಿಯಸ್‌ಗೆ ಹೋಗಿ ಕೆಲವು ಜೀನ್‌ಗಳನ್ನ ಎಬ್ಬಿಸ್ತಾರೆ. ಆಗ ಮೂತ್ರದ ಕಡೆ ಗೋಡೆಯಲ್ಲಿ ಸೋಡಿಯಂ ಒಳಗೆ ಬರೋ ಕಿಂಡಿಗಳು ಜಾಸ್ತಿ ಆಗ್ತವೆ, ರಕ್ತದ ಕಡೆ ಗೋಡೆಯಲ್ಲಿ ಪಂಪ್‌ಗಳು ಜಾಸ್ತಿ ಆಗ್ತವೆ. ಒಂದೊಂದು ಪಂಪೂ ಮೂರು ಸೋಡಿಯಂನ ರಕ್ತಕ್ಕೆ ತಳ್ಳಿ ಎರಡು ಪೊಟ್ಯಾಸಿಯಂನ ಒಳಗೆ ಎಳ್ಕೊಳತ್ತೆ. ಹಾಗೆ ಒಳಗೆ ತುಂಬ್ಕೊಂಡ ಪೊಟ್ಯಾಸಿಯಂ ಎಲ್ಲಿಗೆ ಹೋಗ್ಬೇಕು? ಮೂತ್ರದ ಕಡೆಯ ಇನ್ನೊಂದು ಕಿಂಡಿಯಿಂದ ಆಚೆ. ಒಟ್ಟಲ್ಲಿ ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ. ಪಕ್ಕದ ಇನ್ನೊಂದು ಜಾತಿಯ ಕೋಶಗಳಿಂದ ಆಮ್ಲವನ್ನೂ ಸ್ವಲ್ಪ ಹೊರಗೆ ಕಳಿಸತ್ತೆ, ಅದು ಹಾಗಿರ್ಲಿ. ಜೀನ್ ಎಬ್ಬಿಸಿ ಹೊಸ ಪ್ರೋಟೀನ್ ಮಾಡಿಸೋ ಕೆಲಸ ಆದ್ದರಿಂದ ಪರಿಣಾಮ ಶುರುವಾಗೋಕೇ ಒಂದು ಗಂಟೆಯಾದ್ರೂ ಬೇಕು, ಇದನ್ನ ತಡೆಯೋ ಮಾತ್ರೆ ಕೊಟ್ಟಾಗಲೂ ಎರಡೇ ದಿನಕ್ಕೆ ಬಿಪಿ ಇಳೀಲಿಲ್ಲ ಅಂತ ಫೋನ್ ಮಾಡ್ಬೇಡಿ ಅಂತ ನಾನು ಹೇಳೋದು ಇದಕ್ಕೇ.

ಇದೇ ಕೆಲಸ ಬೆವರಿನ ಗ್ರಂಥಿಲೂ, ದೊಡ್ಡ ಕರುಳಲ್ಲೂ, ಜೊಲ್ಲಿನ ಗ್ರಂಥಿಲೂ ನಡೆಯತ್ತೆ. ಸೆಕೆಗೆ ಹೊಸದಾಗಿ ಹೋದವರ ಬೆವರು ಮೊದಲ ದಿನ ಉಪ್ಪುಪ್ಪಾಗಿದ್ದು ವಾರ ಹತ್ತು ದಿನದಲ್ಲಿ ಸಪ್ಪೆ ಆಗ್ತಾ ಬರೋದಕ್ಕೆ ಇದೂ ಒಂದು ಕಾರಣ.

ಈಗ ಇದಕ್ಕೆ ಆರ್ಡರ್ ಕೊಡೋರು ಯಾರು ಅನ್ನೋದು. ಮುಖ್ಯವಾಗಿ ಇಬ್ಬರು. ಒಬ್ಬರು ಪೊಟ್ಯಾಸಿಯಂ, ರಕ್ತದಲ್ಲಿ ಅದು ಸ್ವಲ್ಪ ಏರಿದ್ರೂ ಅಡ್ರಿನಲ್ ನೇರವಾಗಿ ಆಲ್ಡೋಸ್ಟಿರಾನ್ ಬಿಡತ್ತೆ, ಹೆಚ್ಚಾಗಿದ್ದನ್ನ ಹೊರಗೆ ಹಾಕೋಕೆ. ಇನ್ನೊಬ್ಬರು ರೆನಿನ್, ಇದು ಕಿಡ್ನಿಯದ್ದೇ. ಬಿಪಿ ಇಳೀತು, ರಕ್ತ ಹೋಯ್ತು, ವಾಂತಿ ಭೇದಿ ಆಗಿ ನೀರು ಉಪ್ಪು ಕಮ್ಮಿ ಆಯ್ತು ಅಂದ್ರೆ ಕಿಡ್ನಿ ರೆನಿನ್ ಬಿಡತ್ತೆ, ರೆನಿನ್‌ನಿಂದ ಆಂಜಿಯೋಟೆನ್ಸಿನ್ ಆಗತ್ತೆ, ಆಂಜಿಯೋಟೆನ್ಸಿನ್ ಹೋಗಿ ಅಡ್ರಿನಲ್‌ಗೆ ಉಪ್ಪು ಹಿಡೀಬೇಕು ಬೇಗ ಬಿಡು ಅಂತ ಹೇಳತ್ತೆ. ಬರೀ ಮಲಗಿದ್ದೋರು ಎದ್ದು ನಿಂತ್ರೂ ಸಾಕು ಈ ಸರಪಳಿ ಸ್ವಲ್ಪ ಎಚ್ಚರ ಆಗತ್ತೆ. ಮೆದುಳಿನ ಕೆಳಗಿನ ಪಿಟ್ಯುಟರಿಯಿಂದಲೂ ಒಂದು ಸಣ್ಣ ಆದೇಶ ಬರತ್ತೆ, ಅದು ಅಷ್ಟೇನೂ ದೊಡ್ಡದಲ್ಲ. ಕೆಲಸ ಮುಗಿದು ಉಪ್ಪು ನೀರು ತುಂಬ್ಕೊಂಡ ಮೇಲೆ ರೆನಿನ್ ತಣ್ಣಗಾಗತ್ತೆ, ಅದರ ಹಿಂದೆಯೇ ಆಲ್ಡೋಸ್ಟಿರಾನೂ ಇಳಿಯತ್ತೆ.

ಈಗ ನಿಮ್ಮ ರಿಪೋರ್ಟ್‌ಗೆ ಬನ್ನಿ. ನಿಮ್ಮ ರೆನಿನ್ 0.3, ಅಂದ್ರೆ ಕಿಡ್ನಿ ಬಾಯಿ ಮುಚ್ಕೊಂಡು ಕೂತಿದೆ, ಉಪ್ಪು ಸಾಕು ಅಂತಿದೆ. ಪೊಟ್ಯಾಸಿಯಂ 3.6, ಅದೂ ಕೆಳಗಿನ ಅಂಚಲ್ಲಿದೆ, ಅದರ ಕಡೆಯಿಂದಲೂ ಆರ್ಡರ್ ಇಲ್ಲ. ಇಬ್ಬರೂ ಬೇಡ ಅಂತಿರೋವಾಗ ಆಲ್ಡೋಸ್ಟಿರಾನ್ ಎಷ್ಟಿರಬೇಕಿತ್ತು? ನೆಲಕ್ಕೆ ಕುಸಿದಿರಬೇಕಿತ್ತು, ನಾಲ್ಕೋ ಐದೋ ಇರಬೇಕಿತ್ತು. ಅದು 18 ಇದೆ ಅಂದ್ರೆ ಗ್ರಂಥಿಯ ಯಾವುದೋ ಭಾಗ ಹೇಳೋರು ಕೇಳೋರು ಇಲ್ಲದೇ ತನ್ನ ಪಾಡಿಗೆ ತಾನು ಉತ್ಪಾದನೆ ನಡೆಸ್ತಿದೆ ಅಂತ ಅರ್ಥ. ಇದೇ 18 ನಿರ್ಜಲೀಕರಣ ಆದವರಲ್ಲಿ ಬಂದಿದ್ರೆ ನಾನು ತಿರುಗಿಯೂ ನೋಡ್ತಿರ್ಲಿಲ್ಲ. ಇನ್ನೊಂದು ಸೂಕ್ಷ್ಮ ಇದೆ, ನಿಮ್ಮ ಡಾಕ್ಟರ್ ಗಮನಿಸಿರ್ತಾರೆ, ಟೆಲ್ಮಿಸಾರ್ಟನ್ನೂ ಮೂತ್ರದ ಮಾತ್ರೆನೂ ಎರಡೂ ರೆನಿನ್‌ನ ಮೇಲಕ್ಕೆ ಏರಿಸೋ ಔಷಧಿಗಳು. ಅವೆರಡೂ ತಗೊಂಡೂ ನಿಮ್ಮ ರೆನಿನ್ ತಲೆ ಎತ್ತಿಲ್ಲ ಅಂದ್ರೆ ಅನುಮಾನ ಇನ್ನೂ ಗಟ್ಟಿ ಆಗತ್ತೆ, ಕಮ್ಮಿ ಆಗಲ್ಲ.

ಉಪ್ಪು ಹಿಡ್ಕೊಂಡ್ರೆ ಬಿಪಿ ಯಾಕೆ ಏರತ್ತೆ ಅನ್ನೋದಕ್ಕೆ ಉಪ್ಪು ತಿಂದವನು ನೀರು ಕುಡೀಲೇಬೇಕು ಅನ್ನೋ ಗಾದೆನೇ ಸಾಕು, ಸೋಡಿಯಂ ಎಲ್ಲಿ ಹೋಗತ್ತೋ ನೀರು ಅದರ ಹಿಂದೆ. ರಕ್ತನಾಳದಲ್ಲಿ ದ್ರವ ಹೆಚ್ಚು, ಒತ್ತಡ ಹೆಚ್ಚು. ಹಾಗಾದ್ರೆ ಕಾಲು ಊದ್ಬೇಕಲ್ವಾ ಅಂತ ಕೇಳ್ತೀರಿ, ಒಳ್ಳೆ ಪ್ರಶ್ನೆ, ಸಾಮಾನ್ಯವಾಗಿ ಊದಲ್ಲ. ಒಂದೂವರೆ ಲೀಟರ್ ಆಸುಪಾಸು ದ್ರವ ಸೇರೋ ಹೊತ್ತಿಗೆ ಹೃದಯದ ಮೇಲ್ಕೋಣೆ ಹಿಗ್ಗಿ ಅಲ್ಲಿಂದ ಬೇರೆ ಹಾರ್ಮೋನ್ ಹೊರಡತ್ತೆ, ಏರಿದ ಬಿಪಿ ತಾನೇ ಕಿಡ್ನಿಯಿಂದ ಉಪ್ಪನ್ನ ಒತ್ತಿ ಹೊರಗೆ ಹಾಕತ್ತೆ, ಹೀಗೆ ಸೋಡಿಯಂ ಒಂದು ಹಂತಕ್ಕೆ ಬಂದು ನಿಂತು ಬಿಡತ್ತೆ. ಆದ್ರೆ ಬಿಪಿ ಮಾತ್ರ ಹಾಗೇ ಮೇಲೆ ಉಳಿಯತ್ತೆ, ಪೊಟ್ಯಾಸಿಯಂ ಸೋರೋದೂ ನಿಲ್ಲಲ್ಲ.

ಪೊಟ್ಯಾಸಿಯಂ ಜಾಸ್ತಿ ಸೋರಿದ್ರೆ ತೊಡೆ ತೋಳು ಸೋತು ಬರತ್ತೆ, ಮೀನಖಂಡ ಹಿಡ್ಕೊಳತ್ತೆ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳೋದಾಗತ್ತೆ ಯಾಕಂದ್ರೆ ಪೊಟ್ಯಾಸಿಯಂ ಇಲ್ಲದೇ ಕಿಡ್ನಿಗೆ ಮೂತ್ರ ಗಟ್ಟಿ ಮಾಡೋ ಶಕ್ತಿ ಕುಗ್ಗತ್ತೆ, ಹೃದಯದ ಬಡಿತ ತಾಳ ತಪ್ಪತ್ತೆ, ಇನ್ಸುಲಿನ್ ಬಿಡುಗಡೆಯೂ ಮಂಕಾಗಿ ಶುಗರ್ ಏರಬಹುದು. ರಾತ್ರಿ ಏಳೋದನ್ನ ವಯಸ್ಸಾಯ್ತು ಅಂತ ಹೊಟ್ಟೆಗೆ ಹಾಕ್ಕೊಂಡಿರೋರು ಎಷ್ಟೋ ಜನ.

ಆದ್ರೆ ಇಲ್ಲೇ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ, ಡಾಕ್ಟರ್‌ಗಳಲ್ಲೂ ಇತ್ತು, ನನ್ನಲ್ಲೂ ಇತ್ತು. ಈ ಕಾಯಿಲೆಯನ್ನ ಮೊದಲು ಗುರುತಿಸಿದ್ದು ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯ ಜೆರೋಮ್ ಕಾನ್, 1954-55ರಲ್ಲಿ. ಅವರ ರೋಗಿ 34 ವರ್ಷದ ಹೆಂಗಸು, ಏಳು ವರ್ಷದಿಂದ ಸ್ನಾಯು ಸೆಳೆತ, ಆಗಾಗ ಕೈಕಾಲು ಬಿದ್ದುಹೋಗೋ ಥರದ ನಿಶ್ಶಕ್ತಿ, ಜೊತೆಗೆ ಬಿಪಿ, ಪೊಟ್ಯಾಸಿಯಂ ಪಾತಾಳದಲ್ಲಿ. ಹೊಟ್ಟೆ ತೆರೆದು ನೋಡಿದ್ರೆ ಬಲಗಡೆ ಅಡ್ರಿನಲ್‌ನಲ್ಲಿ ಗಡ್ಡೆ, ತೆಗೆದ್ರು, ಎಲ್ಲ ಸರಿ ಹೋಯ್ತು. ಆಲ್ಡೋಸ್ಟಿರಾನ್ ಸಿಕ್ಕಿ ಎರಡು ವರ್ಷವೂ ಆಗಿರ್ಲಿಲ್ಲ ಅನ್ನೋದನ್ನ ನೆನೆಸ್ಕೊಂಡ್ರೆ ಆ ಮನುಷ್ಯನ ತಲೆಗೆ ಕೈ ಮುಗೀಬೇಕು. ಕಾನ್ ಸಿಂಡ್ರೋಮ್ ಅಂತ ಹೆಸರಾಯ್ತು. ತೊಂದರೆ ಏನಾಯ್ತು ಅಂದ್ರೆ ಆ ಒಂದು ಕೇಸಿನ ಚಿತ್ರವೇ ಎಲ್ಲರ ತಲೆಯಲ್ಲಿ ಅಚ್ಚೊತ್ತಿ ಕೂತುಬಿಡ್ತು, ಪೊಟ್ಯಾಸಿಯಂ ಕಮ್ಮಿ ಇದ್ರೆ ಮಾತ್ರ ಈ ಕಾಯಿಲೆ ಹುಡುಕಬೇಕು, ಇದು ಅಪರೂಪದ್ದು, ಅಂತ. ಈಗ ಗೊತ್ತಿರೋ ಪ್ರಕಾರ ಈ ಕಾಯಿಲೆ ಇರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಪೊಟ್ಯಾಸಿಯಂ ನಾರ್ಮಲ್ಲೇ. ಬಿಪಿ ಇರೋ ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಇದಿದೆ, ನಿಮ್ಮ ಥರ ಮೂರು ಮಾತ್ರೆಗೂ ಜಗ್ಗದ ಬಿಪಿಯವರಲ್ಲಿ ಐವರಲ್ಲಿ ಒಬ್ಬರಿಗೆ ಸಿಗಬಹುದು. ಅಪರೂಪ ಅಂತೆ!

ನನ್ನದೇ ಒಂದು ಕೇಸ್ ಹೇಳ್ತೀನಿ. ಪ್ರಾಕ್ಟೀಸ್‌ನ ಮೊದಲ ವರ್ಷಗಳಲ್ಲಿ ಒಬ್ಬರು ಬರ್ತಿದ್ರು, ನಾಲ್ಕು ಥರ ಮಾತ್ರೆ, ಪೊಟ್ಯಾಸಿಯಂ ಪ್ರತಿ ಸಲ 3.7, 3.8. ನಾನು ಪ್ರತಿ ಸಲ ಅದನ್ನ ನೋಡಿ ಸಮಾಧಾನ ಪಟ್ಕೊಂಡು ಉಪ್ಪು ಕಮ್ಮಿ ಮಾಡಿ, ತೂಕ ಇಳಿಸಿ ಅಂತ ಉಪದೇಶ ಮಾಡಿ ಕಳಿಸ್ತಿದ್ದೆ. ಮೂರು ವರ್ಷ. ಆಮೇಲೆ ಎದೆ ಡವಡವ ಅಂತ ಬಂದಾಗ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಅಂದ್ರೆ ಹೃದಯದ ಮೇಲ್ಕೋಣೆ ತಾಳ ತಪ್ಪಿ ಬಡಿಯೋದು, ಎಕೋದಲ್ಲಿ ಹೃದಯದ ಗೋಡೆ ದಪ್ಪ, ಆಗ ಹೋಗಿ ರೆನಿನ್ ಕಳಿಸಿದ್ರೆ ಸೊನ್ನೆಗೆ ಹತ್ತಿರ. ಆ ಫೈಲಿನ ಹಳೇ ಹಾಳೆಗಳನ್ನ ತಿರುವಿ ಹಾಕ್ತಾ ನಾನೇ ಬರೆದಿದ್ದ ಪೊಟ್ಯಾಸಿಯಂ ನಾರ್ಮಲ್ ಅನ್ನೋ ಸಾಲುಗಳನ್ನ ಓದೋವಾಗ ಆದ ಮುಜುಗರ ಇನ್ನೂ ಹೋಗಿಲ್ಲ. ಹಾಗಾಗಿ 2025ರಲ್ಲಿ ಎಂಡೋಕ್ರೈನ್ ಸೊಸೈಟಿ ಅನ್ನೋ ಹಾರ್ಮೋನ್ ತಜ್ಞರ ಸಂಘದವರು ಬಿಪಿ ಇರೋ ಎಲ್ಲರಿಗೂ ಈ ಟೆಸ್ಟ್ ಒಂದು ಸಲ ಮಾಡಿಸೋದು ಒಳ್ಳೇದು ಅಂತ ಸಲಹೆ ಕೊಟ್ಟಾಗ ನಂಗೇನೂ ಅತಿ ಅನ್ಸಲಿಲ್ಲ.

ಬಿಪಿಗೆ ಮಾತ್ರೆ ಜಾಸ್ತಿ ಮಾಡಿದ್ರಾಯ್ತು, ಹಾರ್ಮೋನ್ ಹುಡ್ಕೋದ್ಯಾಕೆ ಅಂತ ಕೇಳೋರಿದ್ದಾರೆ. ಯಾಕಂದ್ರೆ ಈ ಹಾರ್ಮೋನ್ ಬರೀ ಬಿಪಿ ಏರಿಸಿ ಸುಮ್ಮನಾಗಲ್ಲ. ಇದರ ರಿಸೆಪ್ಟರ್ ಹೃದಯದಲ್ಲೂ ಇದೆ, ರಕ್ತನಾಳದ ಗೋಡೆಯಲ್ಲೂ ಇದೆ. ಉಪ್ಪು ಹೇರಳವಾಗಿರೋ ದೇಹದಲ್ಲಿ ಆಲ್ಡೋಸ್ಟಿರಾನೂ ಹೇರಳವಾಗಿದ್ರೆ ಅಲ್ಲೆಲ್ಲ ಉರಿಯೂತ, ಆಮೇಲೆ ನಾರು ನಾರಾಗಿ ಗಟ್ಟಿಯಾಗೋದು ಶುರುವಾಗತ್ತೆ. ಒಂದೇ ಬಿಪಿ ಇರೋ ಇಬ್ಬರನ್ನ ಹೋಲಿಸಿದ್ರೂ ಆಲ್ಡೋಸ್ಟಿರಾನ್ ಹೆಚ್ಚಿರೋರಿಗೆ ಸ್ಟ್ರೋಕ್, ಏಟ್ರಿಯಲ್ ಫಿಬ್ರಿಲೇಷನ್, ಹೃದಯದ ಗೋಡೆ ದಪ್ಪ ಆಗೋದು, ಕಿಡ್ನಿಯಿಂದ ಪ್ರೋಟೀನ್ ಸೋರೋದು ಇವೆಲ್ಲ ಹೆಚ್ಚು. 1999ರಲ್ಲಿ ಬಂದ ರೇಲ್ಸ್ ಅನ್ನೋ ಅಧ್ಯಯನದಲ್ಲಿ ತೀವ್ರ ಹಾರ್ಟ್ ಫೇಲ್ಯೂರ್ ಇದ್ದೋರಿಗೆ ಸ್ಪೈರೋನೋಲ್ಯಾಕ್ಟೋನ್ ಅಂದ್ರೆ ಆಲ್ಡೋಸ್ಟಿರಾನ್ ರಿಸೆಪ್ಟರ್‌ಗೆ ಅಡ್ಡ ನಿಲ್ಲೋ ಹಳೇ ಮಾತ್ರೆ ಕೊಟ್ಟು ನೋಡಿದ್ರು, ಸಾವು 30 ಪರ್ಸೆಂಟ್ ಇಳೀತು. ಅಷ್ಟು ದಿನ ಬರೀ ಮೂತ್ರದ ಮಾತ್ರೆ ಅಂತ ಮೂಲೇಲಿದ್ದ ಔಷಧಿ ಅದು.

ಮೇಲಿನ ಮಾತಲ್ಲಿ ಉಪ್ಪು ಹೇರಳವಾಗಿರೋ ಅನ್ನೋದನ್ನ ಓದಿಕೊಂಡು ಹೋಗ್ಬಿಡ್ಬೇಡಿ, ಕಥೆ ಇರೋದೇ ಅಲ್ಲಿ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪು ಹಾಕಿ ಅಡುಗೆ ಮಾಡ್ತಿರ್ಲಿಲ್ಲ. 1970ರ ದಶಕದಲ್ಲಿ ಅವರನ್ನ ಪರೀಕ್ಷೆ ಮಾಡಿದಾಗ ಅವರ ರೆನಿನ್, ಆಲ್ಡೋಸ್ಟಿರಾನ್ ಎರಡೂ ಆಕಾಶದಲ್ಲಿದ್ವು, ಬಿಪಿ ಮಾತ್ರ ನಮ್ಮೆಲ್ಲರಿಗಿಂತ ಕಮ್ಮಿ, ವಯಸ್ಸಾದ ಹಾಗೆ ಏರ್ತಾನೂ ಇರ್ಲಿಲ್ಲ. ಸಿಗೋ ಚೂರುಪಾರು ಸೋಡಿಯಂನ ಹಿಡಿದಿಟ್ಕೊಳ್ಳೋಕೆ ಹಾರ್ಮೋನ್ ಹಗಲೂ ರಾತ್ರಿ ದುಡೀತಿತ್ತು, ಅದಕ್ಕೇ ಅಂತ ಇರೋ ಕೆಲಸ ಅದು. ಅಂದ್ರೆ ಆಲ್ಡೋಸ್ಟಿರಾನ್ ಹೆಚ್ಚಿರೋದೇ ಕಾಯಿಲೆ ಅಲ್ಲ. ಬೇಕಾಗಿಲ್ಲದಾಗ, ಉಪ್ಪು ತುಂಬಿ ತುಳುಕ್ತಿರೋವಾಗ, ರೆನಿನ್ ಬೇಡ ಅಂತಿರೋವಾಗ ಹೆಚ್ಚಿರೋದು ಕಾಯಿಲೆ.

ಹಾಗಾಗಿ ಊಟದ ಪ್ರಶ್ನೆಗೆ ಉತ್ತರ ಇಲ್ಲೇ ಬಂತು. ಉಪ್ಪು ಕಮ್ಮಿ ಮಾಡಿ, ಖಂಡಿತ ಮಾಡಿ, ಬಿಪಿಗೂ ಒಳ್ಳೇದು, ಪೊಟ್ಯಾಸಿಯಂ ಸೋರಿಕೆಯೂ ಕಮ್ಮಿ ಆಗತ್ತೆ, ಯಾಕಂದ್ರೆ ನಳಿಕೆಯ ಕೊನೆಗೆ ಸೋಡಿಯಂ ಬಂದ್ರೆ ತಾನೇ ಅದಲು ಬದಲಿಗೆ ಪೊಟ್ಯಾಸಿಯಂ ಹೋಗೋದು. ಆದ್ರೆ ಹಾರ್ಮೋನ್ ತಯಾರಿಕೆ ಮಾತ್ರ ಊಟದಿಂದ ನಿಲ್ಲಲ್ಲ. ಅದರ ಕಾರಣ ಗ್ರಂಥಿಯ ಒಳಗೇ ಇದೆ, ಎಷ್ಟೋ ಗಡ್ಡೆಗಳಲ್ಲಿ ಕೋಶದ ಪೊಟ್ಯಾಸಿಯಂ ಕಿಂಡಿಯ ಜೀನ್‌ನಲ್ಲೇ ಬದಲಾವಣೆ ಆಗಿರತ್ತೆ ಅಂತ 2011ರಲ್ಲಿ ಗೊತ್ತಾಯ್ತು. ಅದನ್ನ ಸೊಪ್ಪು ತಿಂದು ಸರಿ ಮಾಡೋಕಾಗಲ್ಲ.

ಒಂದು ವಿಷಯ ಮಾತ್ರ ಕೇಳ್ಲೇಬೇಕು, ಜೇಷ್ಠಮಧು ಅಥವಾ ಅದು ಸೇರಿರೋ ಪುಡಿ, ಕಷಾಯ, ಮಿಠಾಯಿ ಏನಾದ್ರೂ ದಿನಾ ತಗೋತಿದೀರಾ? ಆಲ್ಡೋಸ್ಟಿರಾನ್‌ನ ರಿಸೆಪ್ಟರ್ ಇದ್ಯಲ್ಲ, ಅದಕ್ಕೆ ಅಡ್ರಿನಲ್‌ನದೇ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಕೂಡ ಅಷ್ಟೇ ಚೆನ್ನಾಗಿ ಅಂಟ್ಕೊಳತ್ತೆ, ರಕ್ತದಲ್ಲಿ ಕಾರ್ಟಿಸಾಲ್ ಇರೋದು ಸಾವಿರ ಪಟ್ಟು. ಹಾಗಿದ್ರೂ ಅದು ಒಳಗೆ ಬಂದು ಜಾಗ ಹಿಡ್ಕೊಳ್ಳದ ಹಾಗೆ ಕಿಡ್ನಿಯ ಕೋಶದಲ್ಲಿ ಒಂದು ಎಂಜೈಮ್ ಕಾವಲು ನಿಂತು ಕಾರ್ಟಿಸಾಲ್‌ನ ನಿಷ್ಕ್ರಿಯ ಮಾಡ್ತಿರತ್ತೆ. ಜೇಷ್ಠಮಧುವಿನ ಸಿಹಿ ಅಂಶ ಆ ಕಾವಲುಗಾರನ್ನೇ ಮಲಗಿಸಿಬಿಡತ್ತೆ. ಆಗ ಬಿಪಿ ಏರತ್ತೆ, ಪೊಟ್ಯಾಸಿಯಂ ಬೀಳತ್ತೆ, ಎಲ್ಲ ಇದೇ ಕಾಯಿಲೆ ಥರ, ಆದ್ರೆ ರಕ್ತದಲ್ಲಿ ಆಲ್ಡೋಸ್ಟಿರಾನ್ ನೋಡಿದ್ರೆ ಕಮ್ಮಿ ಇರತ್ತೆ. ನಿಮ್ಮದು 18 ಇರೋದ್ರಿಂದ ಇದೇ ಕಾರಣ ಅಂತ ನಂಗನ್ಸಲ್ಲ, ಆದ್ರೂ ತಗೋತಿದ್ರೆ ನಿಲ್ಲಿಸಿ, ಡಾಕ್ಟರ್‌ಗೆ ಹೇಳಿ.

ಟೆಸ್ಟ್ ಬಗ್ಗೆ ಎರಡು ಮಾತು, ಯಾಕಂದ್ರೆ ಇದು ಹಾಳಾಗೋದೇ ರಕ್ತ ತೆಗೆಯೋ ಕುರ್ಚಿಯಲ್ಲಿ. ಬೆಳಿಗ್ಗೆ ಎದ್ದು ಎರಡು ಗಂಟೆಯಾದ್ರೂ ಓಡಾಡಿಕೊಂಡಿದ್ದು, ಆಮೇಲೆ ಐದರಿಂದ ಹದಿನೈದು ನಿಮಿಷ ಕೂತು ಕೊಡಬೇಕು. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿ ಬಿಡು ಅಂತ ಹತ್ತು ಸಲ ಮಾಡಿಸಿದ್ರೆ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಗೆ ಬಂದು 3.2 ಇರೋದು 3.6 ಆಗಿ ಕಾಣಬಹುದು, ನಿಮ್ಮ 3.6 ಹಾಗೆ ಬಂದಿದ್ದಾ ಅಂತ ನಂಗೆ ಸಣ್ಣ ಅನುಮಾನ ಇದೆ. ರೆನಿನ್ ಸ್ಯಾಂಪಲ್‌ನ ಮುತುವರ್ಜಿಯಿಂದ ಐಸ್ ಮೇಲೆ ಇಡೋ ಲ್ಯಾಬ್‌ಗಳಿವೆ, ಅದೂ ತಪ್ಪು, ತಣ್ಣಗಾದ್ರೆ ನಿದ್ದೆಯಲ್ಲಿರೋ ರೆನಿನ್ ಎಚ್ಚರಾಗಿ ಸಂಖ್ಯೆ ಸುಳ್ಳೇ ಏರತ್ತೆ. ಪೊಟ್ಯಾಸಿಯಂ ಕಮ್ಮಿ ಇದ್ರೆ ಮೊದಲು ಅದನ್ನ ಸರಿ ಮಾಡಿ ಆಮೇಲೆ ಟೆಸ್ಟ್, ಟೆಸ್ಟ್ ಮುಗಿಯೋವರೆಗೂ ಊಟದಲ್ಲಿ ಉಪ್ಪು ಬಿಡಬಾರದು, ಮೇಲೆ ಹೇಳಿದ ಉಪ್ಪು ಕಮ್ಮಿ ಮಾಡೋದೆಲ್ಲ ಅದಾದ ಮೇಲೆ. ಬಿಪಿಗೆ ಕೊಡೋ ಬೀಟಾ ಬ್ಲಾಕರ್ ಅನ್ನೋ ಜಾತಿಯ ಮಾತ್ರೆಗಳು ರೆನಿನ್‌ನ ತಗ್ಗಿಸಿ, ಮೊದಲು ಭಾಗಿಸಿದ್ವಲ್ಲ, ಆ ಅನುಪಾತ ಸುಳ್ಳೇ ಏರಿಸ್ತವೆ, ನೀವು ಅದನ್ನ ತಗೋತಿಲ್ಲ, ಒಳ್ಳೇದಾಯ್ತು. ಸ್ಪೈರೋನೋಲ್ಯಾಕ್ಟೋನ್ ತಗೋತಿರೋರಿಗೆ ಅದನ್ನ ನಾಲ್ಕು ವಾರ ನಿಲ್ಲಿಸಿ ಟೆಸ್ಟ್ ಮಾಡಿಸೋದು ರೂಢಿ, ಆದ್ರೆ ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ, ಟೆಸ್ಟ್‌ಗೋಸ್ಕರ ಸ್ಟ್ರೋಕ್ ತಂದ್ಕೊಂಡ್ರೆ ಯಾವ ಪುರುಷಾರ್ಥಕ್ಕೆ.

ಇನ್ನು ಸಿಟಿ. ಇಲ್ಲಿ ನಂದೊಂದು ಸಣ್ಣ ಭಿನ್ನಾಭಿಪ್ರಾಯ ಇದೆ. ಪೊಟ್ಯಾಸಿಯಂ ತಾನಾಗೇ ಬಿದ್ದು, ಆಲ್ಡೋಸ್ಟಿರಾನ್ 20ರ ಮೇಲಿದ್ದು, ರೆನಿನ್ ಅಳತೆಗೇ ಸಿಗದಷ್ಟಿದ್ರೆ ಇನ್ನೇನೂ ಬೇಡ, ರೋಗ ಖಚಿತ. ನಿಮ್ಮದು ಅಷ್ಟು ಸ್ಪಷ್ಟ ಅಲ್ಲ. ನಾನಾಗಿದ್ರೆ ಮೊದಲು ಸಲೈನ್ ಟೆಸ್ಟ್ ಮಾಡಿಸ್ತೀನಿ, ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಹಾಕಿ ಕೊನೆಗೆ ಮತ್ತೆ ಆಲ್ಡೋಸ್ಟಿರಾನ್ ನೋಡೋದು. ಅಷ್ಟು ಉಪ್ಪು ನೀರು ಒಳಗೆ ಹೋದ ಮೇಲೆ ಸರಿ ಇರೋ ಗ್ರಂಥಿ ತೆಪ್ಪಗಾಗಬೇಕು, ಹಠಮಾರಿ ಗ್ರಂಥಿ ಆಗಲ್ಲ. ಹೃದಯ ದುರ್ಬಲ ಇರೋರಿಗೆ, ಬಿಪಿ ತೀರಾ ಹೆಚ್ಚಿರೋರಿಗೆ ಇದನ್ನ ಮಾಡಲ್ಲ. ಇದಾದ ಮೇಲೆ ಸಿಟಿ.

ಸಿಟಿಯಲ್ಲಿ ಗಡ್ಡೆ ಕಂಡ ತಕ್ಷಣ ಆಪರೇಷನ್ ಅನ್ನೋರ ಹತ್ತಿರ ಹುಷಾರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗತ್ತೆ. ವಯಸ್ಸಾಗ್ತಾ ಅಡ್ರಿನಲ್‌ನಲ್ಲಿ ಏನೂ ಕೆಲಸ ಮಾಡದ ಗಂಟುಗಳು ಎಷ್ಟೋ ಜನಕ್ಕೆ ಇರ್ತವೆ, ಇನ್ನೊಂದು ಕಡೆ ನಿಜವಾದ ಕಳ್ಳ ಗಂಟು ಕೆಲವು ಮಿಲಿಮೀಟರ್ ಇದ್ದು ಸಿಟಿಗೆ ಕಾಣಿಸದೇ ಹೋಗಬಹುದು, ಅಥವಾ ಎರಡೂ ಕಡೆ ಗ್ರಂಥಿ ಒಟ್ಟಾರೆ ಹೆಚ್ಚು ಬಿಡ್ತಿರಬಹುದು. ಸಿಟಿ ತೋರಿಸಿದ ಕಡೆಗೂ ನಿಜವಾಗಿ ಹಾರ್ಮೋನ್ ಸುರಿಸ್ತಿರೋ ಕಡೆಗೂ ತಾಳೆ ಆಗದೇ ಇರೋದು ಮೂರನೇ ಒಂದು ಭಾಗದಷ್ಟು ಕೇಸಲ್ಲಿ. ಅದಕ್ಕೇ ಎರಡೂ ಗ್ರಂಥಿಯ ರಕ್ತನಾಳದಿಂದಲೇ ನೇರವಾಗಿ ರಕ್ತ ತೆಗೆದು ಹೋಲಿಸೋ ವಿಧಾನ ಇದೆ. ತೊಡೆಸಂದಿಯಿಂದ ಸಪೂರ ಟ್ಯೂಬ್ ಹಾಕಿ ಎಕ್ಸ್‌ರೇ ನೋಡ್ಕೊಂಡು ಮೇಲಕ್ಕೆ ಹೋಗ್ತಾರೆ. ಎಡಗಡೆಯದು ಸುಲಭ. ಬಲಗಡೆ ನಾಳ ಗಿಡ್ಡ, ಕೆಲವೇ ಮಿಲಿಮೀಟರ್, ದೊಡ್ಡ ರಕ್ತನಾಳದ ಹಿಂಬದಿಗೆ ನೇರ ತೆರ್ಕೊಂಡಿರತ್ತೆ, ಅದನ್ನ ತಡವಿ ತಡವಿ ಹುಡುಕ್ತಾ ಪಳಗಿದ ರೇಡಿಯಾಲಜಿಸ್ಟ್‌ಗಳೂ ಬೆವರೋದನ್ನ ಗಾಜಿನ ಈಚೆ ನಿಂತು ನೋಡಿದೀನಿ. ಸಿಕ್ಕಿದ್ದು ಸರಿಯಾದ ನಾಳವೇನಾ ಅಂತ ಗೊತ್ತಾಗೋದು ಅದೇ ರಕ್ತದ ಕಾರ್ಟಿಸಾಲ್ ನೋಡಿದ ಮೇಲೆ, ಅದು ತೋಳಿನ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. 35 ವರ್ಷಕ್ಕಿಂತ ಚಿಕ್ಕವರು, ಎಲ್ಲ ಸಂಖ್ಯೆಗಳೂ ಜೋರಾಗಿದ್ದು ಒಂದೇ ಕಡೆ ಸ್ಪಷ್ಟ ಗಡ್ಡೆ ಇದ್ರೆ ಇದಿಲ್ಲದೇ ಮುಂದೆ ಹೋಗಬಹುದು. ನಿಮಗೆ 44, ಇದು ಬೇಕು. ಹಾಗೇ ಆಪರೇಷನ್ ಏನೇ ಆದ್ರೂ ಬೇಡ ಅಂತ ನೀವು ಈಗಾಗಲೇ ತೀರ್ಮಾನ ಮಾಡಿದ್ರೆ ಇದೂ ಬೇಡ, ಸೀದಾ ಮಾತ್ರೆ ಶುರು ಮಾಡಬಹುದು.

ಒಂದೇ ಕಡೆಯದು ಅಂತ ಆದ್ರೆ ಆ ಗ್ರಂಥಿಯನ್ನ ಲ್ಯಾಪ್ರೋಸ್ಕೋಪಿಯಲ್ಲಿ ತೆಗೀತಾರೆ, ಇನ್ನೊಂದು ಗ್ರಂಥಿ ಸಾಕು ಜೀವನಕ್ಕೆ. ಹಾರ್ಮೋನ್ ಮತ್ತು ಪೊಟ್ಯಾಸಿಯಂ ಹೆಚ್ಚುಕಮ್ಮಿ ಎಲ್ಲರಿಗೂ ಸರಿ ಹೋಗತ್ತೆ. ಬಿಪಿ ಮಾತ್ರೆ ಪೂರ್ತಿ ಬಿಟ್ಟು ಹೋಗೋದು ಮೂವರಲ್ಲಿ ಒಬ್ಬರಿಗೆ ಸ್ವಲ್ಪ ಮೇಲೆ, ಉಳಿದವರಲ್ಲಿ ಹೆಚ್ಚಿನವರಿಗೆ ಮಾತ್ರೆ ಕಮ್ಮಿ ಆಗತ್ತೆ. ವರ್ಷಗಟ್ಟಲೆ ಒತ್ತಡ ತಿಂದ ರಕ್ತನಾಳ ಒಂದೇ ಸಲ ಎಳೇದಾಗಲ್ಲ ನೋಡಿ, ಈ ಮಾತನ್ನ ಆಪರೇಷನ್‌ಗೆ ಮೊದಲೇ ಯಾರೂ ಹೇಳದೇ ಇದ್ದು ಆಮೇಲೆ ಮೋಸ ಹೋದೆ ಅಂತ ಬರೋ ರೋಗಿಗಳನ್ನ ನೋಡಿ ಬೇಜಾರಾಗಿದೆ.

ಎರಡೂ ಕಡೆಯದಾದ್ರೆ ಮಾತ್ರೆ. ಸ್ಪೈರೋನೋಲ್ಯಾಕ್ಟೋನ್ ಹಳೇದು, ಚೆನ್ನಾಗಿ ಕೆಲಸ ಮಾಡತ್ತೆ, 2015ರ ಪಾತ್‌ವೇ-2 ಅಧ್ಯಯನದಲ್ಲಿ ಮೂರು ಮಾತ್ರೆಗೂ ಬಗ್ಗದ ಬಿಪಿಗೆ ನಾಲ್ಕನೆಯದಾಗಿ ಇದೇ ಎಲ್ಲಕ್ಕಿಂತ ಮೇಲೆ ಬಂತು. ಆದ್ರೆ ಇದು ಬೇರೆ ಹಾರ್ಮೋನ್‌ಗಳ ರಿಸೆಪ್ಟರ್‌ಗೂ ಕೈ ಹಾಕತ್ತೆ, ಗಂಡಸರಿಗೆ ಎದೆ ಊದಿ ನೋವು ಬರಬಹುದು, ಹೆಂಗಸರಿಗೆ ಮುಟ್ಟು ಏರುಪೇರಾಗಬಹುದು. ನಾಚ್ಕೊಂಡು ಮಾತ್ರೆ ಬಿಟ್ಟು ಸುಮ್ಮನಿರ್ಬೇಡಿ, ಎಪ್ಲೆರಿನೋನ್‌ಗೆ ಬದಲಾಯಿಸಬಹುದು, ಅದಕ್ಕೆ ಈ ಕಾಟ ತುಂಬಾ ಕಮ್ಮಿ. ಡೋಸ್ ಸಾಕಾಯ್ತಾ ಅಂತ ನೋಡೋಕೆ ಬಿಪಿ ಜೊತೆ ರೆನಿನ್ ಕೂಡ ಮತ್ತೆ ನೋಡಿಸಿ, ಮುಚ್ಕೊಂಡಿದ್ದ ರೆನಿನ್ ಮೇಲೆದ್ರೆ ತಡೆ ಸರಿಯಾಗಿ ಬಿದ್ದಿದೆ ಅಂತ ಲೆಕ್ಕ.

ಈ ಮಾತ್ರೆಗಳ ದೊಡ್ಡ ಅಪಾಯ ಈಗ ಉಲ್ಟಾ, ಪೊಟ್ಯಾಸಿಯಂ ಏರೋದು. ಆಲ್ಡೋಸ್ಟಿರಾನ್ ಇಲ್ಲದ ದೇಹ ಹೇಗಿರತ್ತೆ ಅಂತ ನೋಡ್ಬೇಕಂದ್ರೆ ಅಡಿಸನ್ ಕಾಯಿಲೆ ನೋಡ್ಬೇಕು, ಥಾಮಸ್ ಅಡಿಸನ್ 1855ರಲ್ಲಿ ಬರೆದಿಟ್ಟದ್ದು. ಅಡ್ರಿನಲ್ ಹಾಳಾಗಿ ಉಪ್ಪು ಹಿಡಿಯೋರಿಲ್ಲದೇ ಎದ್ದು ನಿಂತ್ರೆ ತಲೆ ಸುತ್ತತ್ತೆ, ಉಪ್ಪು ಬೇಕು ಬೇಕು ಅನ್ಸತ್ತೆ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲೋ ಮಟ್ಟಕ್ಕೆ ಹೋಗಬಹುದು. ಅವರಿಗೆ ಆಲ್ಡೋಸ್ಟಿರಾನ್ ಜಾಗದಲ್ಲಿ ಫ್ಲುಡ್ರೋಕಾರ್ಟಿಸೋನ್ ಅನ್ನೋ ಮಾತ್ರೆ ದಿನಾ 0.1 ಮಿಲಿಗ್ರಾಂ ಆಸುಪಾಸು ಕೊಡ್ತೀವಿ, ಗ್ರಂಥಿ ದಿನಕ್ಕೆ ಬಿಡೋದೂ ಸುಮಾರು ಅಷ್ಟೇ ಅಲ್ವಾ. ನೀವು ಟೆಲ್ಮಿಸಾರ್ಟನ್ ಜೊತೆ ಸ್ಪೈರೋನೋಲ್ಯಾಕ್ಟೋನ್ ಶುರು ಮಾಡಿದ್ರೆ ಒಂದು ವಾರಕ್ಕೆ, ಆಮೇಲೆ ಒಂದು ತಿಂಗಳಿಗೆ ಪೊಟ್ಯಾಸಿಯಂ, ಜೊತೆಗೆ ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ನೋಡಿಸ್ಲೇಬೇಕು, ಆ ಎರಡು ಮಾತ್ರೆಗಳೂ ಪೊಟ್ಯಾಸಿಯಂ ಏರಿಸೋವೇ. ಬಿಪಿಗೆ ಒಳ್ಳೇದು ಅಂತ ಮಾರೋ ಕಮ್ಮಿ ಸೋಡಿಯಂ ಉಪ್ಪು ಇದ್ಯಲ್ಲ, ಅದರಲ್ಲಿ ಸೋಡಿಯಂ ಬದಲು ಹಾಕಿರೋದು ಪೊಟ್ಯಾಸಿಯಂನೇ, ಅದನ್ನ ಆಗ ಮುಟ್ಲೇಬೇಡಿ. ಆಪರೇಷನ್ ಆದೋರಿಗೂ ಇದೇ ಎಚ್ಚರಿಕೆ ಕೆಲವು ವಾರ ಬೇಕು, ಯಾಕಂದ್ರೆ ಒಂದು ಗ್ರಂಥಿ ಇಷ್ಟು ವರ್ಷ ಸುರಿಸ್ತಿದ್ದಾಗ ಇನ್ನೊಂದು ಕೆಲಸ ಇಲ್ಲದೇ ಮಲಗಿರತ್ತೆ, ಎಚ್ಚರ ಆಗೋಕೆ ಟೈಮ್ ತಗೊಳತ್ತೆ.

ಮುಂದಿನ ಸಲ ಹೋಗೋವಾಗ ಡಾಕ್ಟರ್‌ನ ಎರಡೇ ಕೇಳಿ: ಸಿಟಿಗೆ ಮೊದಲು ಖಚಿತ ಮಾಡೋ ಟೆಸ್ಟ್ ಬೇಕಾ, ಮತ್ತೆ ಎರಡೂ ಕಡೆ ನಾಳದಿಂದ ರಕ್ತ ತೆಗೆಯೋ ವ್ಯವಸ್ಥೆ ಎಲ್ಲಿದೆ. ಮತ್ತೆ ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳ್ತೀರಾ ಅಂತ ಮನೆಯವರನ್ನ ಕೇಳ್ಕೊಂಡು ಹೋಗಿ, ಈ ಕಾಯಿಲೆ ಜೊತೆ ಸ್ಲೀಪ್ ಅಪ್ನಿಯಾ ಕಾಣಿಸಿಕೊಳ್ಳೋದು ಜಾಸ್ತಿ, ಅದನ್ನೂ ಒಟ್ಟಿಗೇ ನೋಡಿಬಿಡ್ತಾರೆ. ಪೊಟ್ಯಾಸಿಯಂ ಮಾತ್ರ ಇನ್ನೊಂದು ಸಲ ಮಾಡಿಸಿ, ಈ ಸಲ ಮುಷ್ಟಿ ಬಿಗೀದೇ.